ಹನ್ನೆರಡನೆಯವನು ಒಂದನೆಯವನಾದ ದಿನ

“ನಲವತ್ತು ಪಾಯಿಂಟ್ ಕಡದ್ಯೇನೋ? ಒಂದ್ ಆಟಕ್ಕ ನಲವತ್ತು? ನಿನ್ನ ಲೆಕ್ಕಕ್ಕ ಬೆಂಕಿ ಹಚ್ಚಲಿ!”

ಮ್ಯಾನೇಜರ್ ನೀಲಕಂಠಪ್ಪನವರು ಟೆನಿಸ್ ಬ್ಯಾಟನ್ನು ಮೇಜಿಗೆ ಬಡಿದರು. ಎದುರಿಗಿದ್ದ ಗುಮಾಸ್ತ ಅಣವೀರಪ್ಪ ನೆನೆದ ಕೋಳಿಯಂತೆ ಮುದುಡಿದ.

“ಸಾಹೇಬ್ರ, ನಿಯಮ ನೀವs ಮಾಡೀರಿ. ಗಟ್ಟಿ ಆಟಗಾರನ ಕೈಯಾಗ ಸೋತ್ರ ಸ್ವಲ್ಪ ಕಡಿತ, ಬಡಪಾಯಿ ಕೈಯಾಗ ಸೋತ್ರ ಭಾಳ ಕಡಿತ ಅಂತ.”

“ನಿಯಮ ನಿಮಗ ಮಾಡಿದ್ದೋ, ನನಗಲ್ಲ! ಸಂಜೀಗೆ ಬೋರ್ಡ್ ನೋಡ್ತೀನಿ. ಮೊದಲ ಮೂರರೊಳಗ ನಾ ಇರ್ಲಿಲ್ಲಂದ್ರ ನೀ ನಾಗಪುರದಾಗ ಇರ್ತಿ!”

ಮುಂಬಯಿಯ ಸಾಂತಾಕ್ರೂಜ್ ಆಫೀಸಿನ ಹಿಂದೆ ಒಂದು ಟೆನಿಸ್ ಕೋರ್ಟು, ಆಡುವವರು ಹನ್ನೆರಡು ಜನ. ಯಾರ ಆಟ ಏರಿತು, ಯಾರದು ಇಳಿಯಿತು ಎಂದು ತಿಳಿಯಲು ಎರಡು ವರ್ಷದಿಂದ ಪ್ರತಿ ಆಟದ ಪಾಯಿಂಟು ಬರೆದಿಡುವ ಕೆಲಸ ಅಣವೀರಪ್ಪನದು. ಪಟ್ಟಿಯಲ್ಲಿ ಅವನೇ ಕೊನೆಯ, ಹನ್ನೆರಡನೆಯವನು. ಆ ಬೆಳಿಗ್ಗೆ ಸಾಹೇಬರು ಚೆಂಡನ್ನೆಲ್ಲ ನೆಟ್ಟಿಗೇ ಹೊಡೆದು, ಬೇಡವೆಂದರೂ ಇವನನ್ನು ಗೆಲ್ಲಿಸಿದ್ದರು. ಎರಡನೆಯವರಾಗಿದ್ದವರು ಐದನೆಯವರಾಗಿದ್ದರು.

ನಾಗಪುರಕ್ಕೆ ವರ್ಗ! ಹನ್ನೊಂದು ವರ್ಷ ಕಾದ ಮೇಲೆ ಗ್ರಾಂಟ್ ರೋಡಿನ ಚಾಳಿನಲ್ಲಿ ಒಳಗೇ ನಲ್ಲಿಯಿರುವ ಬಾಡಿಗೆ ಖೋಲಿ ಈ ತಿಂಗಳಷ್ಟೇ ಸಿಕ್ಕಿತ್ತು. ಹೆಂಡತಿ ಬಸಲಿಂಗವ್ವ ಆ ನಲ್ಲಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದಳು.

ಊಟದ ಬಿಡುವಿನಲ್ಲಿ, ಸೋಲಲೆಂದೇ ಸಾಹೇಬರೊಡನೆ ಇನ್ನೊಂದು ಆಟಕ್ಕಿಳಿದ. ಆಕಾಶಕ್ಕೆ ಹೊಡೆದ ಚೆಂಡು ಗೆರೆಯೊಳಗೇ ಬಿತ್ತು. ಕಾಲು ಜಾರಿದವನಂತೆ ಬಿದ್ದರೆ, ಬಿದ್ದ ಬ್ಯಾಟಿಗೆ ತಗುಲಿದ ಚೆಂಡು ನೆಟ್ ದಾಟಿತು. ಸಾಹೇಬರು ಏಳನೆಯವರಾದರು.

ಟೈಪಿಸ್ಟ್ ಭೀಮರಾಯನಿಗೆ ಮಂದಿಯ ಉಸಾಬರಿ ಎಂದರೆ ಬೆಲ್ಲ. “ಸಾಹೇಬ್ರನ್ನ ಎತ್ತಾಕ ಆಗ್ಲಿಲ್ಲಂದ್ರ ನಿನ್ನ ನೀ ಎತ್ತಿಕೋಳೋ ಹುಚ್ಚಪ್ಪ! ನಂಬರ್ ಒಂದರ ಕೈಯಾಗ ಸೋತ್ರ ಎರಡs ಪಾಯಿಂಟ್ ಹೋಗ್ತಾವ. ರಿಜಿಸ್ಟರ್ ಯಾರ ಕೈಯಾಗೈತಿ?”

ಅಣವೀರಪ್ಪ ರಿಜಿಸ್ಟರ್ ತೆರೆದ. ಕಳೆದ ಜುಲೈನಲ್ಲಿ ತಾನು ಠಾಣೆ ಶಾಖೆಯವರನ್ನು ಸೋಲಿಸಿದ ಹದಿನೆಂಟು ಆಟಗಳನ್ನು ಸೇರಿಸಲು ಮರೆತಿದ್ದೆನೆಂದು ಬರೆದು ಸೇರಿಸಿದ; ಸಾಹೇಬರ ಕಡಿತವನ್ನು ಎರಡೆರಡು ಪಾಯಿಂಟಿಗೆ ಇಳಿಸಿದ. ಮುಂಬಯಿಯ ಜುಲೈ ಮಳೆಯಲ್ಲಿ ಕೋರ್ಟಿನೊಳಗೆ ಕಪ್ಪೆಗಳು ಮಾತ್ರ ಆಡುತ್ತವೆಂಬುದು ಅವನಿಗೆ ಹೊಳೆಯಲಿಲ್ಲ. ಪುಣ್ಯಕ್ಕೆ ಸಾಹೇಬರಿಗೂ ಹೊಳೆಯಲಿಲ್ಲ.

ಸಂಜೆ ಬೋರ್ಡಿನಲ್ಲಿ ಅಣವೀರಪ್ಪ ಒಂದನೆಯವ, ನೀಲಕಂಠಪ್ಪನವರು ಮೂರನೆಯವರು.

“ಹಂಗಾರ ನಾ ಸೋತಿದ್ದು ನಂಬರ್ ಒಂದರ ಕೈಯಾಗ! ಮೊದಲs ಹೇಳಬಾರ್ದೇನೋ? ನಿನ್ನ ಚೆಂಡು ಹಾವಿನಗತೆ ಹರಿಯೂದು ನೋಡಿ ನನಗ ಸಂಶೆ ಬಂದಿತ್ತು!” ಎಂದು ಸಾಹೇಬರು ಬೆನ್ನು ತಟ್ಟಿದರು.

ಅಣವೀರಪ್ಪನ ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಯಿತು. ಭೀಮರಾಯ ಚಹಾ ತರಿಸಿದ. ಅಣವೀರಪ್ಪ ಎರಡು ಕಪ್ ಕುಡಿದ. ಮನೆಯ ನಲ್ಲಿಯ ನೀರಿನ ಸದ್ದು ಅವನಿಗೆ ಅಲ್ಲಿಗೇ ಕೇಳಿಸುತ್ತಿತ್ತು.

“ನಾಗಪುರ ಶಾಖೆಯವ್ರು ವರ್ಷಾ ವರ್ಷಾ ಸೋತು ಕಂಪನಿ ಮಾನ ಕಳೀತಾರ,” ಎಂದರು ಸಾಹೇಬರು, ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ. “ನಿಮ್ಮಲ್ಲಿ ನಂಬರ್ ಒನ್ ಯಾರದಾನ, ಕಳಸ್ರಿ ಅಂತ ಹೆಡ್ಡಾಫೀಸಿನವ್ರು ತಲಿ ತಿನ್ನಾಕತ್ಯಾರ. ಸೋಮವಾರ ಹೊಂಡು. ಇದು ಶಿಕ್ಷಾ ಅಲ್ಲೋ, ಮರ್ಯಾದಿ!”

“ಸಾಹೇಬ್ರ, ಆ ಹದಿನೆಂಟು ಆಟ...”

“ಹದಿನೆಂಟೂ ಗೆದ್ದೀಯಲ್ಲ, ಹುಲಿ! ಹೆಡ್ಡಾಫೀಸಿಗೆ ತಾರ್ ಕೊಟ್ಟು ಬರ್ತೀನಿ, ಇಲ್ಲೇ ನಿಂದ್ರು.”

ಅವರು ಹೊರಟುಹೋದರು. ಬಂದೊಡನೆ ಕಾಲು ಹಿಡಿದು ನಿಜ ಹೇಳಬೇಕೆಂದು ಅಣವೀರಪ್ಪ ಬಾಗಿಲನ್ನೇ ನೋಡುತ್ತ ನಿಂತ. ಭೀಮರಾಯ ಮೆಲ್ಲಗೆ ಜಾರಿಕೊಂಡ. ಬೀಗ ಹಾಕುವ ಜವಾನ ಬಂದ. ತಾರು ಹೋಗಿಯಾಗಿತ್ತು; ಸಾಹೇಬರು ಬರಲಿಲ್ಲ.