ಕೂಸು ಬರೂತನಕ

ಒಂದು ಊರಿನಲ್ಲಿ ಹತ್ತು ಮನೆಯವರು ಒಂದು ನಿಯಮ ಹಿಡಿದು, ಉಳಿದ ಊರೆಲ್ಲ ತನ್ನದೇ ನಿಯಮ ಹಿಡಿದು ಬದುಕುತ್ತಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ನಾನು ತಮಾಷೆಯ ಮನುಷ್ಯನಲ್ಲ, ನಗಿಸುವ ಉದ್ದೇಶ ನನಗೆ ಎಂದೂ ಇರಲಿಲ್ಲ. ಆದರೂ ಆದದ್ದನ್ನು ಆದ ಹಾಗೆ ಹೇಳಿದರೆ ಜನ ನಗುತ್ತಾರೆ. ಅದಕ್ಕೆ ನಾನು ಹೊಣೆಯಲ್ಲ.

ಆಗ ನಾನು ಜಮಖಂಡಿ ಸಂಸ್ಥಾನದ ಬಾಂಧಕಾಮ ಖಾತೆಯಲ್ಲಿ, ಅಂದರೆ ರಸ್ತೆ ಕಟ್ಟಡಗಳ ಖಾತೆಯಲ್ಲಿ, ಓವರ್ಸಿಯರ್. ಓದಿದ್ದು ಬೆಳಗಾವಿಯಲ್ಲಿ, ಪಾದ್ರಿಗಳ ಇಂಗ್ಲಿಷ್ ಸಾಲೆಯಲ್ಲಿ. ಅಲ್ಲಿ ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ನಿದ್ದೆ. ಗೋಡೆ ತೂಗುಗುಂಡಿಗೆ ಸರಿಯಾಗಿ ನಿಲ್ಲಬೇಕು, ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಆಗಮನ ಕಾಲದಂತೆಯೇ ಇರಬೇಕು ಎನ್ನುವವನು ನಾನು. ಆ ನಾಲ್ಕು ವಾರ ಹಬ್ಬವಲ್ಲ. ಬರುವವನಿಗಾಗಿ ಕಾಯುವ ಕಾಲ. ಕಡಿಮೆ ಉಣ್ಣುವುದು, ಕಡಿಮೆ ಮಾತಾಡುವುದು, ಮನಸ್ಸು ಗುಡಿಸಿ ಇಡುವುದು. ಜಮಖಂಡಿಯ ನಮ್ಮ ಹತ್ತು ಕ್ರೈಸ್ತ ಮನೆಯವರಿಗೆ ಇದು ತಿಳಿಯುತ್ತಿರಲಿಲ್ಲ. ಮೊದಲನೆಯ ವಾರಕ್ಕೇ ಶಂಕರಪಾಳಿ ಕರಿದು, ಹಾಡು ಹಾಡಿ, ಗೊಂಬೆಗಳ ಕೊಟ್ಟಿಗೆಯಾದ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಿಬಿಡುತ್ತಿದ್ದರು. ಹಬ್ಬದ ದಿನ ಡಬ್ಬಿಯ ತಳದಲ್ಲಿ ಪುಡಿ, ಮುಖದ ಮೇಲೆ ಆಕಳಿಕೆ.

ಹಿಂದಿನ ವರ್ಷ ಇದನ್ನು ಕಂಡ, ಬೆಳಗಾವಿಯಿಂದ ಆಗೀಗ ಬರುತ್ತಿದ್ದ ಫಾದರ್ ಖಡಾಖಂಡಿತವಾಗಿ ಹೇಳಿ ಹೋಗಿದ್ದರು. ಮುಂದಿನ ಸಲ ಹಬ್ಬದ ಹಿಂದಿನ ಸಂಜೆ ಕುಡಚಿ ಸ್ಟೇಷನ್ನಿನಿಂದ ನೇರ ಜಮಖಂಡಿಗೆ ಬರುತ್ತೇನೆ, ಗೋದಲಿ ನೋಡುತ್ತೇನೆ. ನೀವು ಕಾದಿದ್ದರೆ ಹಬ್ಬದ ಪೂಜೆ ಇಲ್ಲಿ. ಆಗಲೇ ಹಬ್ಬ ಮುಗಿಸಿ ಕೂತಿದ್ದರೆ ಗಾಡಿಯ ಎತ್ತು ಬಿಚ್ಚಿಸುವುದೇ ಇಲ್ಲ, ಮುಧೋಳದವರೂ ಕರೆಯುತ್ತಿದ್ದಾರೆ.

ಬೇರೆಯವರೇನೋ ಕುಡಚಿಯಲ್ಲಿ ರೈಲು ಹತ್ತಿ, ಬೆಳಗಾವಿಗೆ ಹೋಗಿ ಪೂಜೆ ಕಂಡು ಬರಬಹುದಿತ್ತು. ಅರಮನೆಯ ಬ್ಯಾಂಡ್ ಮಾಸ್ತರರ ತಾಯಿಗೆ ಅದು ಆಗುವಂತಿರಲಿಲ್ಲ. ಗೋವೆಯ ಮುದುಕಿ, ಸೊಂಟ ಮುರಿದು ಕುರ್ಚಿ ಹಿಡಿದಿದ್ದಳು. ಹಬ್ಬದ ಪೂಜೆ ಕಾಣದೆ ವರ್ಷಗಳಾಗಿದ್ದವು. ಆಕೆ ನನ್ನನ್ನು ಕರೆಸಿ, "ಓವರ್ಸಿಯರ್ರ, ಮುಂದಿನ ವರ್ಷದ ಭರೋಸಾ ನನಗಿಲ್ಲ. ಈ ಸಲ ಕೆಡಸಬ್ಯಾಡ್ರಿ" ಅಂದಳು. ನಾನು ಮಾತು ಕೊಟ್ಟೆ, ಹತ್ತೂ ಮನೆಯ ಶಿಸ್ತನ್ನು ಕೈಗೆ ತೆಗೆದುಕೊಂಡೆ.

ಮೀನಿಗೆ ತಲುಪದ ಸುದ್ದಿ

ನಮ್ಮ ಎದುರು ಮನೆಯಲ್ಲಿ ತೇರದಾಳದ ಕಡೆಯ ಜೈನ ವ್ಯಾಪಾರಿ ಇದ್ದರು. ಮಹಾಲಿಂಗಪುರದ ಬೆಲ್ಲ, ಕಾಳು ಅವರ ದಂಧೆ. ಹೊತ್ತು ಮುಳುಗುವುದರೊಳಗೆ ಊಟ, ಸೋಸಿದ ನೀರು, ಅಳೆದ ಮಾತು. ಅಂಥವರ ಮೇಲೆ ನನಗೆ ಸಹಜವಾಗಿಯೇ ಗೌರವ. ನಮ್ಮದೂ ಉಪವಾಸದ ಕಾಲ ಸುರುವಾಯಿತೆಂದು ಸ್ವಲ್ಪ ಹೆಮ್ಮೆಯಿಂದಲೇ ಅವರಿಗೆ ಹೇಳಿದೆ. ಅವರಿಗೆ ಖುಷಿಯಾಯಿತು. ಏನೇನು ಬಿಡುತ್ತೀರಿ ಎಂದು ಕೇಳಿದರು. ಬುಧವಾರ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ ಅಂದೆ. ಮತ್ತೆ ಊಟಕ್ಕೇನು ಅಂದರು. ನಾನು ಸುಳ್ಳು ಹೇಳುವವನಲ್ಲ. ಅನ್ನ, ಸಾರು, ಕೃಷ್ಣೆಯ ಮೀನು ಅಂದೆ.

ಅವರು ವಿನಯದಿಂದ ಕೇಳಿದರು: "ಸಾಹೇಬ್ರ, ಈ ವ್ರತದ ಸುದ್ದಿ ಮೀನಕ್ಕ ಯಾರೂ ಮುಟ್ಟಿಸಿಲ್ಲೇನ್ರಿ?"

ಅವರ ಮಾತಿನಲ್ಲಿ ನ್ಯಾಯವಿತ್ತು. ಅಂದೇ ಹತ್ತೂ ಮನೆಗೆ ಮೀನೂ ಬಂದ್ ಎಂದು ತಿಳಿಸಿದೆ. ಬ್ಯಾಂಡ್ ಮಾಸ್ತರರು ಓಡಿ ಬಂದರು. ರೋಮಿನಿಂದಲೇ ಅಡ್ಡಿಯಿಲ್ಲದ್ದಕ್ಕೆ ಜಮಖಂಡಿಯಿಂದ ಯಾಕೆ ಅಡ್ಡಿ ಎಂದು ವಾದ ಹೂಡಿದರು. ಮೀನಿಲ್ಲದೆ ಉಸಿರು ಬರುವುದಿಲ್ಲ, ಉಸಿರಿಲ್ಲದೆ ತುತ್ತೂರಿ ಊದುವುದು ಹೇಗೆ ಎಂದರು. ಅವರ ತಾಯಿ ಕೂತಲ್ಲಿಂದಲೇ ನನಗೆ ಹೇಳಿ ಕಳಿಸಿದಳು: "ಅವನ ಮಾತ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಎದಿಹಾಲ ಬಿಡಸುವಾಗೂ ಇಷ್ಟ ರಂಪ ಮಾಡಿದ್ದ."

ನಿಧಾನದ ಹಾಡು

ಮೀನು ಬಿಡಿಸಿದೆ, ಹಾಡು ಉಳಿದಿತ್ತು. ಆಗಮನ ಕಾಲದಲ್ಲಿ ಹಬ್ಬದ ಹಾಡು ಬಾರಿಸುವಂತಿಲ್ಲ, ಕಾಯುವ ಹಾಡೇ ಬೇಕು, ಅದೂ ನಿಧಾನವಾಗಿ ಎಂದು ಬ್ಯಾಂಡ್ ಮಾಸ್ತರರಿಗೆ ತಾಕೀತು ಮಾಡಿದೆ. ಅವರ ಬ್ಯಾಂಡಿನ ಹುಡುಗರೆಲ್ಲ ಬೇರೆ ಧರ್ಮದವರು, ಆದರೆ ಮಾಸ್ತರರ ಮೇಲಿನ ಪ್ರೀತಿಗೆ ನಮ್ಮ ಪೂಜೆಗೂ ಬಾರಿಸಲು ಒಪ್ಪಿದ್ದರು. ಅರಮನೆಯ ಹಿಂದಿನ ಬಯಲಿನಲ್ಲಿ ಬೆಳಿಗ್ಗೆ ತಾಲೀಮು ಸುರುವಾಯಿತು. ಹಾಡು ಚೆನ್ನಾಗಿ ಬಂತು. ಅತೀ ಚೆನ್ನಾಗಿ ಬಂತು.

ಅರಮನೆಯ ಬ್ಯಾಂಡು ಹಾಗೆ ಎಳೆದೆಳೆದು ಅತ್ತಿದ್ದನ್ನು ಊರು ಕೇಳಿದ್ದು ರಾಜಮನೆತನದಲ್ಲಿ ಸಾವಾದಾಗ ಮಾತ್ರ. ಮೊದಲು ಜವಳಿಯವರು ಅಂಗಡಿಯ ಹಲಗೆ ಹಾಕಿದರು. ಅವರನ್ನು ನೋಡಿ ಕಿರಾಣಿಯವರು. ಅವರನ್ನು ನೋಡಿ ಇಡೀ ಪೇಟೆ. ನನ್ನ ಕೆಲಸಕ್ಕೆ ಬರಬೇಕಾದ ಸುಣ್ಣದ ಗಾಡಿಗಳು ಊರ ಅಗಸೆಬಾಗಿಲಲ್ಲೇ ನಿಂತವು. ಜನ ರುಮಾಲು ಕಳಚಿ ಕೈಯಲ್ಲಿ ಹಿಡಿದು ರಸ್ತೆಯ ಎರಡೂ ಕಡೆ ನಿಂತರು. ಅಷ್ಟರಲ್ಲಿ ಮಹಾರಾಜರೇ ಮೋಟಾರಿನಲ್ಲಿ ಹವಾ ತಿನ್ನಲು ಹೊರಟು ಬಂದರು. ಪೇಟೆ ಮುಚ್ಚಿದ್ದನ್ನು ಕಂಡು ಗಾಡಿ ನಿಲ್ಲಿಸಿ, ತಲೆ ತಗ್ಗಿಸಿ ನಿಂತಿದ್ದ ಒಬ್ಬ ಮುದುಕನನ್ನು ಯಾರು ತೀರಿಕೊಂಡರು ಎಂದು ಕೇಳಿದರು. ಮುದುಕ ತಲೆ ಎತ್ತಲಿಲ್ಲ. "ನಮ್ಮ ಮಹಾರಾಜ್ರ ಹೋದ್ರಂತ್ರಿ. ಛಲೋ ಮನಷ್ಯಾ ಇದ್ರು" ಅಂದ.

ಮಧ್ಯಾಹ್ನದೊಳಗೆ ಹುಕುಂ ಬಂತು: ಇನ್ನು ಮೇಲೆ ಬ್ಯಾಂಡು ಕುಣಿಯುವಂಥ ಹಾಡನ್ನೇ ಬಾರಿಸತಕ್ಕದ್ದು. ಹುಕುಮನ್ನು ನನಗೆ ತಿಳಿಸುವಾಗ ಬ್ಯಾಂಡ್ ಮಾಸ್ತರರ ಮುಖದಲ್ಲಿದ್ದ ಸಂತೋಷ ನನಗೆ ಹಿಡಿಸಲಿಲ್ಲ. ಕುಣಿಯುವ ಹಾಡಿಗೆ ನಾನು ಒಪ್ಪಲಿಲ್ಲ, ಅಳುವ ಹಾಡಿಗೆ ಸಂಸ್ಥಾನ ಒಪ್ಪಲಿಲ್ಲ. ಕೊನೆಗೆ ಆ ವರ್ಷ ನಾವು ಪ್ರಭುವಿನ ಬರುವಿಕೆಯನ್ನು ಪಲ್ಟನ್ನಿನ ನಡಿಗೆಯ ತಾಳದಲ್ಲಿ ಕಾದೆವು, ಎಡಗಾಲು ಬಲಗಾಲು ತಪ್ಪದಂತೆ.

ದಾರಿ ಅಗಲಿಸಿದ್ದು

ಫಾದರ್ ಇಲ್ಲದ ಭಾನುವಾರಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಜಪಮಾಲೆ ಆದ ಮೇಲೆ ನಾನೇ ನಾಲ್ಕು ಮಾತು ಹೇಳುತ್ತಿದ್ದೆ. ಕೂಲಿಗಳನ್ನು ಕೂಗಿ ಕೂಗಿ ತಯಾರಾದ ದನಿ ನನ್ನದು. ಕಿಟಕಿ ರಸ್ತೆಗೆ. ಆ ಭಾನುವಾರದ ವಿಚಾರ ನನ್ನ ಕಸುಬಿಗೆ ಹತ್ತಿರದ್ದು. ಅರಸ ಬರುತ್ತಿದ್ದಾನೆ, ದಾರಿ ತಯಾರಿದೆಯೇ ಎಂದು ಕೇಳಿದೆ. ತಗ್ಗು ತುಂಬಬೇಕು, ದಿಬ್ಬ ಕಡಿಯಬೇಕು, ದಾರಿಗೆ ಅಡ್ಡ ಬಂದದ್ದನ್ನು ನಾಳೆ ಎನ್ನದೆ ತೆಗೆಯಬೇಕು, ಅವನು ಬಂದು ನಿಂತ ಮೇಲೆ ಯಾವ ಸಬೂಬೂ ನಡೆಯುವುದಿಲ್ಲ ಅಂದೆ. ಆಮೇಲೆ, ಇದೆಲ್ಲ ಮನಸ್ಸಿನ ದಾರಿಯ ಮಾತು, ತಗ್ಗೆಂದರೆ ನಮ್ಮ ಆಲಸ್ಯ, ದಿಬ್ಬವೆಂದರೆ ನಮ್ಮ ಸೊಕ್ಕು ಎಂದೂ ವಿವರಿಸಿದೆ. ಆದರೆ ಭಕ್ತಿಯ ಮಾತು ಬಂದಾಗ ನನ್ನ ದನಿ ತಾನಾಗಿ ಇಳಿಯುತ್ತದೆ.

ಮರುದಿನ ಬೆಳಿಗ್ಗೆ ಹಾರೆಯ ಸದ್ದಿಗೆ ಹೊರಗೆ ಬಂದೆ. ಎದುರು ಮನೆಯ ವ್ಯಾಪಾರಿ ತಮ್ಮ ಮನೆಯ ಮುಂದಿನ ಕಟ್ಟೆಯನ್ನು ಕೀಳಿಸುತ್ತಿದ್ದರು. ಆ ಕಟ್ಟೆ ಸರಕಾರಿ ರಸ್ತೆಯೊಳಗೆ ಚಾಚಿಕೊಂಡಿತ್ತು. ಖಾತೆಯ ನೋಟೀಸು ಎಷ್ಟು ಕಳಿಸಿದರೂ ಅದರ ಒಂದು ಕಲ್ಲು ಅಲುಗಿರಲಿಲ್ಲ. ಏನಿದು ಅಂದೆ. ನಿನ್ನೆ ನೀವೇ ಗುಡುಗಿದಿರಲ್ಲ, ಅರಸರ ಸವಾರಿ ಯಾವತ್ತು ಬರುತ್ತದೆ ಎಂದು ಕೇಳಿದರು. ಕೆಲಸ ಮುಗಿಯುವತನಕ ಸುಮ್ಮನಿರು ಎಂದು ನನ್ನೊಳಗಿನ ಓವರ್ಸಿಯರ್ ಹೇಳಿದ. ನಾನು ಅವನ ಮಾತು ಕೇಳಲಿಲ್ಲ. ಈ ಅರಸರು ಸಂಸ್ಥಾನದವರಲ್ಲ, ದೇವರ ಮಗ, ಹುಟ್ಟಿ ಬಂದದ್ದು ಬಡವರ ದನದ ಕೊಟ್ಟಿಗೆಯಲ್ಲಿ ಎಂದು ನಿಜವನ್ನೇ ತಿಳಿಸಿದೆ.

ವ್ಯಾಪಾರಿ ಕಿತ್ತ ಕಲ್ಲುಗಳನ್ನು ನೋಡಿದರು, ನನ್ನನ್ನು ನೋಡಿದರು. "ದನದ ಕೊಟಗ್ಯಾಗ ಇಳಕೊಳ್ಳಾವ್ರಿಗೆ ಇಷ್ಟ ಅಗಲ ದಾರಿ ಯಾಕ ಬೇಕಾಗಿತ್ರಿ?"

ಗೋದಲಿ

ಇನ್ನು ಗೋದಲಿ. ಫಾದರ್ ನೋಡುವುದೇ ಅದನ್ನು. ಪಡಸಾಲೆಯ ಮೂಲೆಯಲ್ಲಿ ನಾನೇ ಕಟ್ಟಿದೆ. ಜೋಳದ ಕಣಿಕೆಯ ಚಪ್ಪರ, ಮಣ್ಣಿನ ಆಕಳು, ಕತ್ತೆ, ಒಂದು ಪಕ್ಕ ಮರಿಯಮ್ಮ, ಇನ್ನೊಂದು ಪಕ್ಕ ಸಂತ ಜೋಸೆಫರು. ನಡುವೆ ಹುಲ್ಲಿನ ತೊಟ್ಟಿಲು, ಖಾಲಿ. ಬಾಲಯೇಸುವಿನ ಮೂರ್ತಿ ನನ್ನ ಟ್ರಂಕಿನಲ್ಲಿ, ಬೀಗದೊಳಗೆ. ಮುಂದೆ ಒಂದು ಪರದೆ.

ನಮ್ಮ ಬಾಡಿಗೆ ಮನೆಯ ಹಿಂದಿನ ಭಾಗದಲ್ಲಿ ಅದರ ಒಡತಿ ಇದ್ದಳು, ಓಣಿಯ ಅರ್ಧ ಮಕ್ಕಳ ಹೆರಿಗೆಯನ್ನು ತನ್ನ ಕೈಯಲ್ಲೇ ಮಾಡಿಸಿದ ಶಿವಭಕ್ತೆ ಅಜ್ಜಿ. ದಿನಾ ಬಂದು ಪರದೆ ಸರಿಸಿ ನೋಡುವಳು. ಆಕೆಯ ವಿಚಾರಣೆಯ ಮುಂದೆ ದಿವಾನರ ವಿಚಾರಣೆ ಏನೂ ಅಲ್ಲ. "ಈಕಿಗೆ ತವರುಮನಿ ಇಲ್ಲೇನು?" ಇದೆ, ದೂರ ಅಂದೆ. ತುಂಬಿದ ತಿಂಗಳಲ್ಲಿ ಕತ್ತೆಯ ಮೇಲೆ ಯಾಕೆ ಹೊರಟಳು ಎಂದು ಕೇಳಿದಳು. ಖಾನೇಸುಮಾರಿಗೆ, ಅಂದರೆ ಜನಗಣತಿಗೆ, ಹೆಸರು ಹಚ್ಚಿಸಲು, ಸರಕಾರಿ ಹುಕುಂ ಅಂದೆ. ಅಜ್ಜಿ ಜೋಸೆಫರನ್ನು ದಿಟ್ಟಿಸಿದಳು.

"ಈತ ಏನ್ ಕೆಲಸ ಮಾಡ್ತಾನ?"

"ಬಡಿಗತನ."

"ನಿಮ್ಮ ಖಾತೇದಾವ. ಅದಕ್ಕ."

ಕೂಸೆಲ್ಲಿ ಎಂದಳು. ಹಬ್ಬದ ನಸುಕಿಗೆ ಬರುತ್ತದೆ, ಅಲ್ಲಿಯತನಕ ತೊಟ್ಟಿಲು ಖಾಲಿಯೇ ಇರಬೇಕು, ಅದೇ ಈ ಕಾಲದ ಅರ್ಥ ಎಂದು ವಿವರಿಸಿದೆ. ಆಕೆ ತೊಟ್ಟಿಲನ್ನೊಮ್ಮೆ ಮುಟ್ಟಿ ನೋಡಿ ಒಳಗೆ ಹೋದಳು. ಒಪ್ಪಿದಳೆಂದು ತಿಳಿದೆ.

ಹಬ್ಬದ ಹಿಂದಿನ ಸಂಜೆ ಬ್ಯಾಂಡಿನ ಹುಡುಗರು ಮಾಸ್ತರರ ತಾಯಿಯಾದ ಗೋವೆಯ ಮುದುಕಿಯನ್ನು ಕುರ್ಚಿ ಸಮೇತ ಹೊತ್ತು ತಂದು ಪಡಸಾಲೆಯಲ್ಲಿ ಕೂರಿಸಿದರು. ಫಾದರರ ಗಾಡಿ ಬಂತು. ಅವರು ಎತ್ತು ಬಿಚ್ಚಲು ಹೇಳಲಿಲ್ಲ. ಒಳಗೆ ಬಂದು ಸುತ್ತಲೂ ನೋಡಿದರು. ಎಲ್ಲಿಯೂ ಶಂಕರಪಾಳಿಯ ವಾಸನೆ ಇರಲಿಲ್ಲ. ಮುಖ ಸ್ವಲ್ಪ ಸಡಿಲಾಯಿತು. ಪರದೆ ಸರಿಸಿದರು.

ತೊಟ್ಟಿಲು ಭರ್ತಿಯಾಗಿತ್ತು. ರುಬ್ಬುವ ಗುಂಡುಕಲ್ಲೊಂದು ಕೂಸಿನ ಕುಂಚಿಗೆ ತೊಟ್ಟು, ಕಾಡಿಗೆಯ ಬೊಟ್ಟಿಟ್ಟುಕೊಂಡು ಮಲಗಿತ್ತು. ಮರಿಯಮ್ಮನ ಮುಂದೆ ಬಾಣಂತಿಗೆ ಕೊಡುವ ಅಂಟಿನ ಉಂಡಿ, ಪಕ್ಕದಲ್ಲಿ ಅಗ್ಗಿಷ್ಟಿಕೆ, ಅದರಿಂದ ಅಜವಾನದ ಹೊಗೆ. ಬನಹಟ್ಟಿ ಸೀರೆಯ ತುಂಡೊಂದು ಅಡ್ಡಗಟ್ಟಿತ್ತು, ಅದರ ಆಚೆ ಜೋಸೆಫರು ಗೋಡೆಗೆ ಮುಖ ಮಾಡಿ ನಿಂತಿದ್ದರು.

ನಾನು ಕಟ್ಟಿಸಿದ ಮೋರಿ ಮೊದಲ ಮಳೆಗೇ ಕುಸಿದಾಗಲೂ ನನ್ನ ಎದೆ ಹಾಗೆ ಕುಸಿದಿರಲಿಲ್ಲ. ಮುದುಕಿ ಜಪಮಾಲೆ ಬಿಗಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಫಾದರ್ ತಣ್ಣಗೆ ಕೇಳಿದರು, ಈ ಸಲವೂ ಮೊದಲೇ ತುಂಬಿಸಿದಿರಾ ಎಂದು.

ಉತ್ತರ ಬಾಗಿಲಿನಿಂದ ಬಂತು. "ಅದು ಕೂಸಲ್ರಿ, ಗುಂಡಕಲ್ಲ" ಅಂದಳು ಅಜ್ಜಿ. "ಖಾಲಿ ತೊಟ್ಟಲ ಮನ್ಯಾಗ ಇಡಬಾರದು. ಕೂಸು ಬರೂತನಕ ಕಲ್ಲ ಮಲಗಸ್ತೀವಿ, ಬಂದಕೂಡ್ಲೆ ತಗೀತೀವಿ."

ಕೂಸು ಯಾವಾಗ ಬರುತ್ತದೆ ಎಂದು ಫಾದರ್ ಕೇಳಿದರು.

"ನಾಳೆ ನಸಿಕ್ಲೆ ಅಂತ ಓವರ್ಸಿಯರ್ರು ಹೇಳ್ಯಾರ. ಇವರು ಹೇಳಿದ ಮ್ಯಾಲ ಕೂಸಾದರೂ ಹೊತ್ತಿಗೆ ಬರಬೇಕಲ್ರಿ. ಆದ್ರೂ ಹಡಿಯೂದು ಯಾರ ಕೈಯಾಗೈತಿ? ನಾ ಅಂತೂ ಬಿಸಿನೀರ ಕಾಸಿ ಇಟಗೊಂಡ ದಾರಿ ಕಾಯಾಕತ್ತೇನಿ."

ಫಾದರ್ ಹೊರಗೆ ಮುಖ ಮಾಡಿ ಗಾಡಿಯವನಿಗೆ, "ಎತ್ತ ಬಿಚ್ಚಪಾ" ಅಂದರು. ನನಗೆ ಮೆಲ್ಲಗೆ, ನಿಮ್ಮ ಹತ್ತು ಮನೆಯಲ್ಲಿ ಯಾರು ಕಾದಿದ್ದಾರೋ ಗೊತ್ತಿಲ್ಲ, ಈ ತಾಯಿ ಕಾದಿದ್ದಾಳೆ ಅಂದರು. ಮುದುಕಿ ಕಣ್ಣೊರೆಸಿಕೊಂಡಳು.

ಯುದ್ಧದ ಕಾಲ, ಸೀಮೆಎಣ್ಣೆಗೆ ರೇಷನ್. ಅದಕ್ಕೆ ನಡುರಾತ್ರಿಯ ಪೂಜೆ ಬಿಟ್ಟು ನಸುಕಿಗೆ ಗೊತ್ತುಮಾಡಿದ್ದೆವು. ಫಾದರ್ ಬಂಗಾರದ ಅಂಚಿನ ಪೂಜಾವಸ್ತ್ರ ಉಟ್ಟರು. ನಾನು ಟ್ರಂಕಿನಿಂದ ಬಾಲಯೇಸುವನ್ನು ತೆಗೆದು ಹಿಡಿದೆ. ಗೋದಲಿಯ ಕಡೆ ಹೆಜ್ಜೆ ಇಟ್ಟೆವೋ ಇಲ್ಲವೋ, ಅಜ್ಜಿ ಅಡ್ಡ ನಿಂತಳು. "ಗಂಡಸರು ಹೊರಗ ನಡೀರಿ."

ತಾನು ಪೂಜೆಯ ಗುರು ಎಂದು ಫಾದರ್ ತಿಳಿಸಿ ಹೇಳಲು ನೋಡಿದರು. "ಸ್ವಾಮಿಗಳಾದ್ರ ಗಂಡಸರ ಅಲ್ಲೇನ್ರಿ?" ಅಂದಳು. ನನ್ನ ಕೈಯಿಂದ ಬಾಲಯೇಸುವನ್ನು ತೆಗೆದುಕೊಂಡಳು, ಬದಲಿಗೆ ಜೋಸೆಫರನ್ನು ಕೊಟ್ಟಳು. ಬಾಗಿಲು ಮುಚ್ಚಿತು.

ಹೊರಗೆ ಜಗಲಿಯ ಮೇಲೆ ಕೊರೆಯುವ ಚಳಿಯಲ್ಲಿ ಹತ್ತು ಮನೆಯ ಗಂಡಸರು, ಬ್ಯಾಂಡಿನವರು, ಪೂಜಾವಸ್ತ್ರದ ಫಾದರ್, ಕಂಕುಳಲ್ಲಿ ಜೋಸೆಫರನ್ನು ಹಿಡಿದ ನಾನು. ಒಳಗೆ ಬಿಸಿನೀರಿನ ಸದ್ದು, ಹೆಂಗಸರ ಗುಜುಗುಜು. ಫಾದರ್ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದಾಡಿದರು. ನನ್ನ ಹತ್ತಿರ ನಿಂತು, "ಯಾಕ್ರೀ ಇಷ್ಟ ಹೊತ್ತು?" ಎಂದು ಕೇಳಿದರು. ಆ ದನಿಯಲ್ಲಿ ಖರೆಯೇ ಕಳವಳವಿತ್ತು. ನಾನು ಜೋಸೆಫರನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

ಬಾಗಿಲು ತೆರೆಯಿತು. ಮುದುಕಿಯ ಕುರ್ಚಿಯನ್ನು ಗೋದಲಿಗೆ ಒತ್ತಿ ಇಟ್ಟಿದ್ದರು. ಕೂಸನ್ನು ಮಲಗಿಸಿದ ಆಕೆಯ ಕೈ ಇನ್ನೂ ತೊಟ್ಟಿಲಿನಲ್ಲೇ ಇತ್ತು, ಮುಖ ನಗುತ್ತಿತ್ತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಆತು, ಬರ್ರಿ. ಗಂಡಕೂಸು. ತಾಯಿ ಛಲೋ ಅದಾಳ." ಆಮೇಲೆ ನನ್ನ ಕಂಕುಳ ಕಡೆ ನೋಡಿ ಅಂದಳು: "ಆ ಬಡಿಗನಿಗೆ ಅಷ್ಟ ಕಾಲ ತೊಳಕೊಂಡ ಬಾ ಅಂತ ಹೇಳ್ರಿ."