ಜಿರಾಫೆಯ ಮುಂದಿನ ಜಾಗ

ಇಷ್ಟೆಲ್ಲಕ್ಕೂ ಕಾರಣ ಎದುರುಮನೆಯ ಒಂದು ಫ್ಲಾಸ್ಕು. ಅದೊಂದು ಮನೆಯೊಳಗೆ ಬಾರದೇ ಇದ್ದಿದ್ದರೆ ಲಿಫ್ಟಣ್ಣ ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ನೆಟ್ಟಗೆ ಮೃಗಾಲಯಕ್ಕೆ ಹೋಗಿ, ಜಿರಾಫೆ ತೋರಿಸಿ, ನೆಟ್ಟಗೆ ಮನೆಗೆ ಬರುತ್ತಿದ್ದ. ಆದರೆ ಒಬ್ಬ ಮನುಷ್ಯ ತನ್ನ ಸ್ವಂತ ಮಗಳನ್ನು ನೆಮ್ಮದಿಯಾಗಿ ಹೊರಗೆ ಕರೆದುಕೊಂಡು ಹೋಗಲು ಬಿಡುತ್ತದೆಯೇ ಈ ಜನ? ಬಿಟ್ಟರೆ ಅವರಿಗೆ ತಿಂದ ಅನ್ನ ಅರಗಬೇಡವೇ?

ಲಿಫ್ಟಣ್ಣ ಅಂದರೆ ಲಿಫ್ಟು ರಿಪೇರಿ ಮಾಡುವವನು. ಊರಿನ ಯಾವ ಕಟ್ಟಡದಲ್ಲಿ ಲಿಫ್ಟು ನಿಂತರೂ ಅವನ ಫೋನು ಬಡಿದುಕೊಳ್ಳುತ್ತದೆ. ಒಳಗೆ ಸಿಕ್ಕಿಬಿದ್ದವರು ಬಾಯಿಗೆ ಬಂದಂತೆ ಬೈಯುತ್ತಾರೆ. ಅವನು ಮಾತ್ರ ಹೊರಗೆ ನಿಂತು, "ಗಾಬರಿ ಆಗ್ಬೇಡಿ ಸಾರ್, ನಾನು ಬಂದಿದೀನಿ" ಎಂದು ಜೋಗುಳ ಹಾಡಿದ ಹಾಗೆ ಹೇಳುತ್ತಿರಬೇಕು. ತಿರುಗಿ ಒಂದು ಮಾತು ಬೈದರೆ ಕೆಲಸಕ್ಕೆ ಕುತ್ತು. ಹೀಗೆ ವರ್ಷಗಟ್ಟಲೆ ನುಂಗಿದ ಕೋಪವೆಲ್ಲ ಅವನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಮಗಳಿಗೆ ಏಳು ವರ್ಷ. ಜಿರಾಫೆ ತೋರಿಸುತ್ತೇನೆ ಎಂದು ಅವಳಿಗೆ ಹೇಳಿ ಒಂದು ವರ್ಷವಾಗಿತ್ತು. ಹೊರಟಾಗಲೆಲ್ಲ ಎಲ್ಲೋ ಒಂದು ದರಿದ್ರ ಲಿಫ್ಟು ನಿಲ್ಲುತ್ತಿತ್ತು. ಒಮ್ಮೆ ಬಸ್‌ಸ್ಟಾಪಿನಿಂದ ವಾಪಸು ಬಂದಿದ್ದರು, ಇನ್ನೊಮ್ಮೆ ಮೃಗಾಲಯದ ಟಿಕೆಟ್ ಕಿಟಕಿಯ ಮುಂದಿನಿಂದಲೇ. ಮೊದಲೆಲ್ಲ ಹುಡುಗಿ ಅಳುತ್ತಿದ್ದಳು. ಈ ಶನಿವಾರ ಬೆಳಿಗ್ಗೆ ಅವನು, "ನಾಳೆ ಝೂಗೆ ಹೋಗೋಣ ಪುಟ್ಟಿ, ಈ ಸಲ ಖಂಡಿತ" ಎಂದಾಗ ಪೆನ್ಸಿಲ್ ಚೂಪು ಮಾಡುತ್ತಿದ್ದವಳು ತಲೆಯೆತ್ತದೆ, "ಆಯ್ತಪ್ಪ, ಹೋಗೋಣಂತೆ" ಎಂದಳು. ಹಟ ಮಾಡುವ ಮಕ್ಕಳಿಗೆ ದೊಡ್ಡವರು ಹೇಳುತ್ತಾರಲ್ಲ, ಹಾಗೆ.

ಲಿಫ್ಟಣ್ಣನಿಗೆ ಎದೆಯಲ್ಲಿ ಚುರುಕ್ಕೆಂದಿತು. ನಾಳೆ ಆಕಾಶವೇ ಕಳಚಿ ಬೀಳಲಿ, ಮಗಳನ್ನು ತಾನೇ ಕಂಬಿಯ ಮುಂದೆ ನಿಲ್ಲಿಸಿ ಜಿರಾಫೆ ತೋರಿಸಿಯೇ ಸಿದ್ಧ ಎಂದುಕೊಂಡ. ಕಂಪನಿಯಲ್ಲಿ ಕಾಡಿ ಬೇಡಿ ರಜೆ ಬರೆಸಿ, ಸಂಜೆ ಹುಮ್ಮಸ್ಸಿನಿಂದ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಆ ಫ್ಲಾಸ್ಕು ಕೂತಿತ್ತು. ಫ್ಲಾಸ್ಕಿನ ಪಕ್ಕದಲ್ಲಿ ಎದುರುಮನೆಯ ದೊಡ್ಡಮ್ಮನೂ ಕೂತಿದ್ದರು.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿದೆ. "ನಾನೂ ನಿಮ್ಮ ಜೊತೆ ಬರಲಾ?" ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದು ಮರ್ಯಾದಸ್ಥರ ಲಕ್ಷಣವಲ್ಲ. ಏನಾದರೊಂದು ಸಾಮಾನು ಕೊಡುತ್ತಾರೆ, ಆಮೇಲೆ ಸಾಮಾನಿನ ಹಿಂದೆ ತಾವೂ ಬರುತ್ತಾರೆ.

"ನಿನ್ನ ಹೆಂಡ್ತಿ ದೊಡ್ಡ ಫ್ಲಾಸ್ಕ್ ಬೇಕು ಅಂದ್ಲು ಲಿಫ್ಟಣ್ಣ, ಇಲ್ಲ ಅನ್ನೋಕಾಗತ್ತಾ?" ಎಂದರು ದೊಡ್ಡಮ್ಮ. "ಆದ್ರೆ ಇದರ ಮುಚ್ಚಳ ತಿರುಗಿಸೋ ಕ್ರಮ ನಂಗೊಬ್ಳಿಗೇ ಗೊತ್ತಿರೋದು. ಬೇರೆಯವ್ರು ಮುಟ್ಟಿದ್ರೆ ಕೆಟ್ಟೋಗತ್ತೆ. ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋಣ?"

ಲಿಫ್ಟಣ್ಣ ಹೆಂಡತಿಯ ಮುಖ ನೋಡಿದ. ಹೆಂಡತಿ ಫ್ಯಾನಿನ ಮುಖ ನೋಡಿದಳು.

ಅಷ್ಟರಲ್ಲಿ ಮೇಲಿನ ಮನೆಯ ಮೇಷ್ಟ್ರು ಬಂದರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಕೊರಳಲ್ಲಿ ದುರ್ಬೀನು ತೂಗಾಡುತ್ತಿತ್ತು. "ಕೇಳಿ ಬಂತು. ದೊಡ್ಡ ಝೂ ಅಂದ್ಮೇಲೆ ಇದಿಲ್ದೆ ಹೋಗೋದುಂಟೇ? ತಗೊಳ್ಳಿ. ಆದ್ರೆ ಹೊಂದಿಸೋದು ಸ್ವಲ್ಪ ಸೂಕ್ಷ್ಮ, ಅದಕ್ಕೆ ನಾನೇ ಜೊತೆಗಿರ್ತೀನಿ" ಎಂದು ಸೋಫಾದಲ್ಲಿ ಕೂತರು.

ಹೆಂಡತಿ ತಂಗಿಗೆ ಫೋನಿನಲ್ಲಿ ಸುಮ್ಮನೆ ಹೇಳಿದ್ದಳಂತೆ. ಕತ್ತಲಾಗುವ ಮೊದಲೇ ತಂಗಿ, ತಂಗಿಯ ಅವಳಿ ಮಕ್ಕಳು, ತಂಗಿಯ ಗಂಡ ಎಲ್ಲರೂ ಬಾಗಿಲಲ್ಲಿದ್ದರು. ಈ ಷಡ್ಡಕ ಡ್ರೈವಿಂಗ್ ಶಾಲೆ ನಡೆಸುವವನು. "ಬಸ್ಸಲ್ಲಿ ಯಾಕಣ್ಣಾ ಸಾಯ್ತೀರಾ? ನಮ್ಮ ವ್ಯಾನಿಲ್ವಾ? ನಾಳೆ ನಾನೇ ಓಡಿಸ್ತೀನಿ" ಎಂದ. ಬೇಡ ಎನ್ನಲು ಲಿಫ್ಟಣ್ಣ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಆ ಬಾಯಿಗೆ ಕೆಲಸವಿಲ್ಲದ ಹಾಗೆ ಕೈಗೆ ಕೆಲಸ ಕೊಟ್ಟರು.

"ಈ ನಕ್ಷೆ ಗೋಡೆಗೆ ಒತ್ತಿ ಹಿಡ್ಕೊಳ್ಳಿ."

ಮೃಗಾಲಯದ ನಕ್ಷೆ ಅದು. ಪೂರ್ತಿ ಸುತ್ತಲು ಒಂದು ದಿನ ಸಾಲದಷ್ಟು ದೊಡ್ಡ ಮೃಗಾಲಯ. ಮನೆಯ ಕುರ್ಚಿಗಳೆಲ್ಲ ತುಂಬಿದ್ದವು. ಮನೆಯ ಯಜಮಾನ ಎರಡೂ ಕೈ ಮೇಲೆತ್ತಿ, ಗೋಡೆಗೆ ಮುಖ ಮಾಡಿ, ನಕ್ಷೆಗೆ ಮೊಳೆಯಾಗಿ ನಿಂತಿದ್ದ. ಅವನ ಬೆನ್ನ ಹಿಂದೆ ಚರ್ಚೆ ಶುರುವಾಯಿತು.

"ಮೊದ್ಲು ಪಕ್ಷಿಗಳು. ಅಲ್ಲಿ ಕೂರೋಕೆ ಬೆಂಚಿದೆ" ಎಂದರು ದೊಡ್ಡಮ್ಮ.

"ಮೊದ್ಲು ಹುಲಿ. ಊಟ ಆದ್ಮೇಲೆ ಅದು ಮಲಗಿಬಿಡತ್ತೆ" ಎಂದ ಷಡ್ಡಕ.

"ಛೆ ಛೆ, ಪ್ರಾಣಿಗಳನ್ನ ಖಂಡವಾರು ನೋಡ್ಬೇಕು. ಏಷ್ಯಾ ಮುಗಿಸ್ದೆ ಬೇರೆ ಖಂಡಕ್ಕೆ ಕಾಲಿಡೋದು ಅಶಿಸ್ತು" ಎಂದರು ಮೇಷ್ಟ್ರು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗಾಯಿತು. ಲಿಫ್ಟಣ್ಣ ಗೋಡೆಗೇ ಮಾತಾಡಿದ: "ಮೊದ್ಲು ಜಿರಾಫೆ. ಜಿರಾಫೆಗೋಸ್ಕರವೇ ಹೋಗ್ತಿರೋದು."

"ನಕ್ಷೆ ಅಲ್ಲಾಡಿಸ್ಬೇಡಿ" ಎಂದರು ಮೇಷ್ಟ್ರು. "ಜಿರಾಫೆ ಆಫ್ರಿಕಾದ್ದು. ಕೊನೆಗೆ ಬರತ್ತೆ, ಟೈಮಿದ್ರೆ."

ಆಗ ಮಗಳು ಪೆನ್ಸಿಲ್ ಕೆಳಗಿಟ್ಟು ಎದ್ದು ಬಂದಳು. ಅಪ್ಪನ ಹತ್ತಿರ ಬರಲಿಲ್ಲ, ಮೇಷ್ಟ್ರ ಹತ್ತಿರ ಹೋದಳು. "ತಾತ, ನಾಳೆ ನಿಜವಾಗ್ಲೂ ಹೋಗ್ತೀವಾ?"

"ಹೋಗೇ ಹೋಗ್ತೀವಿ ಮಗು."

"ಹಾಗಾದ್ರೆ ನನ್ನ ಕೆಂಪು ಬೂಟು ಎಲ್ಲಿದೆ ಅಮ್ಮಾ?" ಎನ್ನುತ್ತ ಹುಡುಗಿ ಒಳಗೆ ಓಡಿದಳು.

ಹೆತ್ತಪ್ಪ ಹೇಳಿದಾಗ ಬಾರದ ನಂಬಿಕೆ ಮೇಲಿನ ಮನೆಯ ಮುದುಕ ಹೇಳಿದಾಗ ಬಂತು! ಲಿಫ್ಟಣ್ಣನಿಗೆ ಅಂಗಾಲಿನಿಂದ ಹತ್ತಿದ ಉರಿ ನೆತ್ತಿಯವರೆಗೆ ಏರಿತು. ಆದರೂ ಹಲ್ಲು ಕಚ್ಚಿ ನಕ್ಷೆ ಹಿಡಿದೇ ನಿಂತ. ಅಭ್ಯಾಸಬಲ, ಏನು ಮಾಡುವುದು?

ಬೆಳಿಗ್ಗೆ ವ್ಯಾನು ಬಂತು. ಫ್ಲಾಸ್ಕಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೇಷ್ಟ್ರಿಗೆ ಮುಂದಿನ ಸೀಟು. ದೊಡ್ಡಮ್ಮನ ಮೊಣಕಾಲಿಗೆಂದೇ ಪ್ರತ್ಯೇಕ ದಿಂಬು. ಕೊನೆಗೆ ಷಡ್ಡಕ ಹೇಳಿದ: "ಅಣ್ಣಾ, ನೀವು ಹೇಗಾದ್ರೂ ಹಿಂದೆ ಸ್ಟೆಪ್ನಿ ಮೇಲೆ ಅಡ್ಜಸ್ಟ್ ಮಾಡ್ಕೊಳ್ಳಿ."

ಲಿಫ್ಟಣ್ಣ ಅದನ್ನೂ ಮಾಡಿಕೊಂಡ. ಊಟದ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ ಸ್ಟೆಪ್ನಿಯ ಮೇಲೆ ಕೂತ. ಆಗ ಮೇಷ್ಟ್ರು ಮುಂದಿನಿಂದ ಕತ್ತು ತಿರುಗಿಸಿ, "ಅಂದ ಹಾಗೆ, ರಾತ್ರಿ ಲೆಕ್ಕ ಹಾಕಿ ನೋಡ್ದೆ. ಆಫ್ರಿಕಾ ಈ ಸಲ ಆಗಲ್ಲ. ಜಿರಾಫೆ ಇನ್ನೊಂದಿನ ನೋಡೋಣ" ಎಂದರು.

ಅಷ್ಟೇ. ವರ್ಷಗಟ್ಟಲೆ ಕೂತಿದ್ದು ಒಮ್ಮೆಲೇ ಎದ್ದಿತು.

"ಇಳೀರೀ ಎಲ್ಲಾ!" ಲಿಫ್ಟಣ್ಣ ಅರಚಿದ ರಭಸಕ್ಕೆ ಕಟ್ಟಡದ ಕಿಟಕಿಗಳೆಲ್ಲ ತೆರೆದುಕೊಂಡವು. "ಯಾರ್ರೀ ಕರೆದ್ರು ನಿಮ್ಮನ್ನ? ಬೆರಳು ತೋರಿಸಿದ್ರೆ ಹಸ್ತ ನುಂಗ್ತೀರಲ್ಲಾ, ನಾಚ್ಕೆ ಆಗಲ್ವಾ? ನಿಮ್ಮ ಫ್ಲಾಸ್ಕೂ ಬೇಡ, ದುರ್ಬೀನೂ ಬೇಡ, ನಿಮ್ಮ ಖಂಡಗಳಿಗೆ ಬೆಂಕಿ ಬೀಳ! ಮಗಳು ನನ್ನೋಳು, ರಜೆ ನಂದು, ಜಿರಾಫೆ ನಂದು! ಅವರವರ ಸಾಮಾನು ಅವರವರು ತಗೊಂಡು ಇಳೀರಿ!"

ಷಡ್ಡಕ ಸ್ಟೀರಿಂಗ್ ಹಿಡಿದುಕೊಂಡೇ ಮೆಲ್ಲಗೆ ಹೇಳಿದ: "ವ್ಯಾನ್ ನಂದಲ್ವಾ ಅಣ್ಣಾ? ಅವರವರ ಸಾಮಾನು ಅವರವರಿಗೆ ಅಂದ್ರೆ, ಇಳೀಬೇಕಾದೋರು ನೀವೇ."

ಲಿಫ್ಟಣ್ಣ ಇಳಿದ. ಧಡ್ಡೆಂದು ಬಾಗಿಲು ಬಡಿದು ಇಳಿದ. ಸುತ್ತಿ ಬಂದು ಕಿಟಕಿಯಲ್ಲಿ ಕೈ ಚಾಚಿ, "ಬಾ ಪುಟ್ಟಿ. ನಾವು ಬಸ್ಸಲ್ಲಿ ಹೋಗೋಣ" ಎಂದ.

ಮಗಳು ಏಳಲಿಲ್ಲ. ಕೆಂಪು ಬೂಟಿನ ಕಾಲು ಮಡಚಿ ಇನ್ನಷ್ಟು ಒಳಗೆ ಸರಿದು ಕೂತಳು. "ಬಸ್ಸಲ್ಲಾದ್ರೆ ನಿಂಗೆ ಫೋನ್ ಬರತ್ತಪ್ಪ. ನಾನು ಇವ್ರ ಜೊತೆಗೇ ಹೋಗ್ತೀನಿ."

"ರೀ, ಸುಮ್ನೆ ಹತ್ತಿ ಕೂತ್ಕೊಳ್ಳಿ" ಎಂದಳು ಹೆಂಡತಿ.

"ಹತ್ತಲ್ಲ!"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ ಹಿರಿಯರು. ಹೇಳುವುದೇನೋ ಸುಲಭ, ಹಿರಿಯರನ್ನು ಯಾರಾದರೂ ಸ್ಟೆಪ್ನಿಯ ಮೇಲೆ ಕೂರಿಸಿದ್ದರೇ? ವ್ಯಾನು ಹೊರಟುಹೋಯಿತು. ಲಿಫ್ಟಣ್ಣ ಮನೆಗೆ ಹೋಗಿ ಫೋನನ್ನು ದಿಂಬಿನ ಕೆಳಗೆ ತುರುಕಿದ, ಕೈಗೆ ಸಿಕ್ಕ ಟವೆಲನ್ನು ಹೆಗಲಿಗೆ ಎಸೆದುಕೊಂಡು ಬಸ್ಸು ಹಿಡಿದ. ಮೇಷ್ಟ್ರು ಆಫ್ರಿಕಾ ಬೇಡವೆಂದರೆ ಬೇಡವಾಗಿಬಿಡುತ್ತದೆಯೇ? ಹುಡುಗಿ ತನ್ನ ಮಗಳು, ಹಟ ಮಾಡದೆ ಇರುವವಳಲ್ಲ. ಬಂದೇ ಬರುತ್ತಾಳೆ. ಬಂದಾಗ ಮುಂದಿನ ಜಾಗದಲ್ಲಿ ಅಪ್ಪ ನಿಂತಿರಬೇಕು.

ಮೃಗಾಲಯದಲ್ಲಿ ಜನವೋ ಜನ. ಅವನು ಹುಲಿ ನೋಡಲಿಲ್ಲ, ಆನೆ ನೋಡಲಿಲ್ಲ. ನೂಕಿಕೊಂಡು ಓಡಿ ಜಿರಾಫೆಯ ಕಂಬಿಯ ಮುಂದೆ, ಅದು ಸೊಪ್ಪು ತಿನ್ನಲು ಬಗ್ಗುವ ಸರಿಯಾದ ಜಾಗವನ್ನೇ ಹಿಡಿದ. ಬಿಸಿಲಿಗೆ ಟವೆಲನ್ನು ತಲೆಗೆ ಸುತ್ತಿಕೊಂಡು, ಕಿವಿಯವರೆಗೆ ಎಳೆದುಕೊಂಡು, ಎರಡೂ ಕೈ ಅಗಲಿಸಿ ಕಂಬಿಗೆ ಆತುಕೊಂಡು ನಿಂತ.

"ಸ್ವಲ್ಪ ಸರೀತೀರಾ?"

"ಸರಿಯಲ್ಲ. ನನ್ನ ಮಗಳು ಬರ್ತಾಳೆ."

"ಮಗು ನೋಡ್ಬೇಕಂತೆ ಕಣ್ರೀ."

"ನನ್ನ ಮಗಳೂ ಮಗುವೇ."

"ಏನ್ರೀ, ಇದು ನಿಮ್ಮಪ್ಪ ಹಾಕಿಸಿದ ಕಂಬಿನಾ?" ಎಂದ ಒಬ್ಬ ಕ್ಯಾಮೆರಾದವನು.

"ಹೂಂ, ನಮ್ಮಪ್ಪನೇ! ಏನೀಗ?" ಎಂದ ಲಿಫ್ಟಣ್ಣ. ಬೆಳಿಗ್ಗೆ ಒಮ್ಮೆ ತೆರೆದ ಬಾಯಿ ಇನ್ನು ಮುಚ್ಚುವ ಹಾಗಿರಲಿಲ್ಲ. ಒಬ್ಬ ಕಾವಲುಗಾರ ಬಂದು, "ಎಲ್ರೀ ನಿಮ್ಮ ಮಗಳು?" ಎಂದು ಕೇಳಿಹೋದ. ಹೊತ್ತು ಕಳೆದು ಮತ್ತೆ ಬಂದು ಅದನ್ನೇ ಕೇಳಿ, ಅವನನ್ನು ಒಂದು ಥರ ನೋಡಿಕೊಂಡು ಹೋದ. ಲಿಫ್ಟಣ್ಣ ಬಾಯಾರಿ ಒಣಗಿದ, ಕಾಲು ಮರಗಟ್ಟಿದವು, ಆದರೂ ಕೈ ಬಿಡಲಿಲ್ಲ. ಪಕ್ಕಕ್ಕೆ ಸರಿ ಎನ್ನದೆ ಅವನನ್ನು ಸುಮ್ಮನೆ ನೋಡುತ್ತಿದ್ದದ್ದು ಜಿರಾಫೆಯೊಂದೇ.

ಬಿಸಿಲು ಇಳಿಯುವ ಹೊತ್ತಿಗೆ ಆ ಕಾವಲುಗಾರ ಇನ್ನೊಬ್ಬನನ್ನು ಕರೆತಂದ. ಹಿಂದಿನಿಂದ ಬಂದು ಇಬ್ಬರೂ ಒಂದೊಂದು ರಟ್ಟೆ ಹಿಡಿದರು. "ನಡೀರಿ. ನಿಮ್ಮ ಮೇಲೆ ಕಂಪ್ಲೇಂಟ್ ಮೇಲೆ ಕಂಪ್ಲೇಂಟು."

"ಬಿಡ್ರೀ! ನನ್ನ ಮಗಳು ಬರ್ತಾಳೆ ಅಂದ್ನಲ್ಲಾ!"

"ಬರ್ತಾಳೆ ಬರ್ತಾಳೆ, ನೀವು ನಡೀರಿ."

ಕೊಸರಾಡಿದ. ಟವೆಲು ಜಾರಿ ಮುಖದ ಮೇಲೆ ಬಿತ್ತು, ಕಣ್ಣು ಕಾಣಲಿಲ್ಲ. ಹಿಂದೆ ನಿಂತಿದ್ದ ಜನವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿತು. ಪಕ್ಕದ ದಾರಿಯಲ್ಲಿ ದರದರ ಎಳೆದುಕೊಂಡು ಹೋಗಿ ಗೇಟಿನ ಆಚೆಗೆ ಬಿಟ್ಟರು. ಮತ್ತೆ ಒಳಗೆ ಬಿಡುವುದಿಲ್ಲ ಎಂದರು. ಯಾರನ್ನಾದರೂ ಕರೆಯೋಣವೆಂದರೆ ಫೋನು ದಿಂಬಿನ ಕೆಳಗಿತ್ತು. ಲಿಫ್ಟಣ್ಣ ಮೃಗಾಲಯವನ್ನು ಬೈದ, ಮೇಷ್ಟ್ರನ್ನು ಬೈದ, ಕೊನೆಗೆ ತನ್ನನ್ನೇ ಬೈದುಕೊಂಡು ಬಸ್ಸು ಹತ್ತಿದ.

ಸಂಜೆ ವ್ಯಾನು ಬಂತು. ಮೆಟ್ಟಿಲ ಮೇಲೆ ಕೆಂಪು ಬೂಟುಗಳು ಪಟಪಟನೆ ಓಡಿಬರುವ ಸದ್ದಾಯಿತು. ಮುಖ ಗಂಟಿಕ್ಕಿ ಕೂತಿದ್ದವನ ತೊಡೆಯ ಮೇಲೆ ಮಗಳು ಬಂದು ಬಿದ್ದಳು. ಹಾಗೆ ಬಂದು ಬಿದ್ದು ಎಷ್ಟು ಕಾಲವಾಗಿತ್ತೋ.

"ಅಪ್ಪಾ, ನೋಡಿದ್ವಿ! ಜಿರಾಫೆ ನೋಡಿದ್ವಿ! ಮೇಷ್ಟ್ರು ತಾತ ಬೇಡ ಅಂದ್ರು, ನಾನು ನೆಲದ ಮೇಲೆ ಕೂತು ಹಟ ಮಾಡ್ದೆ. ಅದ್ರ ನಾಲಿಗೆ ಎಷ್ಟುದ್ದ ಗೊತ್ತಾ? ನನ್ನ ಕೈ ಹತ್ರಾನೇ ಬಂದಿತ್ತು!"

ಲಿಫ್ಟಣ್ಣನ ಕೋಪ ಅರ್ಧ ಇಳಿಯಿತು. ಮಗಳ ಮುಖ ಅಷ್ಟು ಬೆಳಗುತ್ತಿತ್ತು. "ಅಷ್ಟು ಹತ್ತಿರ ಜಾಗ ಸಿಕ್ತಾ ಪುಟ್ಟಿ?" ಎಂದ.

"ಮೊದ್ಲು ಸಿಗ್ಲಿಲ್ಲ, ನಾವು ಜನದ ಹಿಂದೆ ದೂರದಲ್ಲಿದ್ವಿ. ಒಬ್ಬ ಹುಚ್ಚ ತಲೆಗೆ ಏನೋ ಸುತ್ಕೊಂಡು, ಹೀಗೆ ಕೈ ಅಗಲಿಸ್ಕೊಂಡು ನಿಂತ್ಬಿಟ್ಟಿದ್ದ. ಯಾರು ಹೇಳಿದ್ರೂ ಸರೀಲಿಲ್ಲ. ಆಮೇಲೆ ಚಿಕ್ಕಪ್ಪ ಹೋಗಿ ಹೇಳಿದ್ಮೇಲೆ ಗಾರ್ಡುಗಳು ಬಂದು ಎಳ್ಕೊಂಡು ಹೋದ್ರು. ನಾವೆಲ್ಲಾ ಚಪ್ಪಾಳೆ ಹೊಡೆದ್ವಿ! ಆ ಜಾಗದಲ್ಲೇ ತಾತ ನನ್ನನ್ನ ಎತ್ತಿ ನಿಲ್ಲಿಸಿದ್ರು."

ಬಾಗಿಲಲ್ಲಿ ನಿಂತಿದ್ದ ಷಡ್ಡಕ ಹೆಮ್ಮೆಯಿಂದ ತಲೆಯಾಡಿಸಿದ. ಲಿಫ್ಟಣ್ಣ ಕಾಲಿನಿಂದಲೇ ಟವೆಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದ.

ಮಗಳು ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. "ನೀನು ಬಂದಿದ್ರೆ ಆ ಹುಚ್ಚನ್ನ ನೀನೇ ಓಡಿಸ್ತಿದ್ದೆ, ಅಲ್ವಾ ಅಪ್ಪ?"

ಎಷ್ಟೋ ದಿನದ ಮೇಲೆ ಆ ಕಣ್ಣುಗಳಲ್ಲಿ ಅಪ್ಪನ ಮೇಲೆ ನಂಬಿಕೆಯಿತ್ತು.

"ಹೂಂ ಪುಟ್ಟಿ," ಎಂದ ಲಿಫ್ಟಣ್ಣ, ಹಲ್ಲು ಕಚ್ಚಿಕೊಂಡು, "ಕಪಾಳಕ್ಕೆರಡು ಬಿಟ್ಟು ಓಡಿಸ್ತಿದ್ದೆ."