ಬೀರುವಿನ ಹಿಂದೆ ಕಂಡ ಕಡತ

ಈ ಕಚೇರಿಯಲ್ಲಿ ಯಾವ ಕಡತವೂ ಕಳೆದುಹೋಗುವುದಿಲ್ಲ, ಅದು ತಾತ್ಕಾಲಿಕವಾಗಿ ಕಾಣಿಸದ ಸ್ಥಿತಿಯಲ್ಲಿರುತ್ತದೆ ಎಂದು ಮೂರು ವರ್ಷದ ಹಿಂದೆಯೇ ಸುತ್ತೋಲೆ ಹೊರಡಿಸಲಾಗಿದೆ. ಆ ಸುತ್ತೋಲೆ ಸದ್ಯ ಕಾಣಿಸದ ಸ್ಥಿತಿಯಲ್ಲಿದೆ.

ರವಾನೆ ಗುಮಾಸ್ತರ ವರ್ಗಾವಣೆ ಕಡತವೂ ಅದೇ ಸ್ಥಿತಿ ತಲುಪಿ ಹದಿನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು; ಗುಮಾಸ್ತರು ವರ್ಗಾವಣೆ ಕೇಳಿದ್ದು ಆ ಊರಿಗೇ. ಐದು ವರ್ಷದ ಮಗಳು ತಾಯಿಯ ಜೊತೆಗಿದ್ದಳು. ಅಪ್ಪ ಎಂದರೆ ತಿಂಗಳಿಗೊಮ್ಮೆ ಬಂದುಹೋಗುವವರು ಎಂದೇ ಅವಳು ತಿಳಿದಿದ್ದಳು.

ಇಂಥ ಕಷ್ಟಗಳನ್ನು ನೋಡಲಾರದೆ ವ್ಯವಸ್ಥಾಪಕರು ಒಂದು ಯಂತ್ರ ತರಿಸಿದರು. ವೈಫೈ ಅಲೆಗಳನ್ನು ಗೋಡೆ, ಮರದ ಹಲಗೆಗಳ ಆಚೆಗೆ ಕಳಿಸಿ, ಅಲ್ಲಿ ಅಡಗಿರುವ ವಸ್ತುವಿನ ಆಕಾರವನ್ನು ಪರದೆಯ ಮೇಲೆ ಮೂಡಿಸುವ ಯಂತ್ರ. ಟೆಂಡರು ಕರೆದಾಗ ಅರ್ಹರಾಗಿ ಕಂಡವರು ವ್ಯವಸ್ಥಾಪಕರ ಬಾಮೈದ ಒಬ್ಬರೇ.

ಮೊದಲ ದಿನವೇ ಮರದ ಬೀರುವಿನ ಹಿಂದೆ ಏನೋ ಬೂದು ಬಣ್ಣದಲ್ಲಿ ಮೂಡಿತು. ಗುಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. ಒಂದು ಕಿವಿ ಮುರಿದ ದೊಡ್ಡ ಕ್ಲಿಪ್ಪು! ಮನೆಯಿಂದ ತಂದು ತಮ್ಮ ಕಡತಕ್ಕೆ ಅವರೇ ಹಾಕಿದ್ದು.

"ಸಾರ್, ನನ್ನ ಕಡತ! ಉದ್ದದ ಸ್ಕೇಲು ತೂರಿಸಿ ಎಳೆದರೆ ಬಂದುಬಿಡತ್ತೆ."

"ಯಾಕ್ರೀ ಎಳೀಬೇಕು? ಕಾಣ್ತಿಲ್ವಾ?" ಎಂದರು ವ್ಯವಸ್ಥಾಪಕರು.

"ಕಾಣ್ತಿದೆ ಸಾರ್."

"ಕಂಡಮೇಲೆ ಮತ್ತೇನು ಹುಡುಕೋದು? ಯಂತ್ರ ಬಂದು ಒಂದು ದಿನ ಆಗಿಲ್ಲ, ಇದುವರೆಗೆ ಕಂಡಿರೋದು ಅದೊಂದೇ. ಅದನ್ನೂ ಕಿತ್ತುಕೊಂಡರೆ, ಯಂತ್ರ ನೋಡೋಕೆ ಬರೋ ತನಿಖಾ ತಂಡಕ್ಕೆ ನಿಮ್ಮ ಮುಖ ತೋರಿಸ್ಲಾ?"

ಗುಮಾಸ್ತರು ಕೈಗೆತ್ತಿಕೊಂಡಿದ್ದ ಸ್ಕೇಲನ್ನು ಮತ್ತೆ ಮೇಜಿನ ಮೇಲಿಟ್ಟರು.

ತನಿಖಾ ತಂಡ ಬಂದು ನೋಡಿ ಬೆರಗಾಯಿತು. ಇತರ ಶಾಖೆಗಳಿಂದಲೂ ಜನ ಬರತೊಡಗಿದರು. ಬೀರುವಿನ ಸುತ್ತ ಹಗ್ಗ ಕಟ್ಟಿ ಫಲಕ ತೂಗುಹಾಕಲಾಯಿತು: "ಕಂಡಿರುವ ಕಡತ. ಮುಟ್ಟತಕ್ಕದ್ದಲ್ಲ." ಗುಡಿಸುವ ಹೆಂಗಸು ಕಸಬರಿಗೆ ಅತ್ತ ಚಾಚಿದ್ದಕ್ಕೆ ಅವಳಿಂದ ವಿವರಣೆ ಕೇಳಲಾಯಿತು.

ಗುಮಾಸ್ತರು ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿದರು. ಕೊನೆಗೆ ಮೇಲಿನವರು ಕರುಣೆ ತೋರಿ ಆದೇಶ ಹೊರಡಿಸಿದರು: "ಕಡತವು ಕಂಡಿರುವುದರಿಂದ ವರ್ಗಾವಣೆಯು ಜಾರಿಯಾಗಿದೆಯೆಂದು ಭಾವಿಸತಕ್ಕದ್ದು. ಆದರೆ ಕಡತವು ಕದಲದೇ ಇರುವುದರಿಂದ ನೌಕರನೂ ಕದಲತಕ್ಕದ್ದಲ್ಲ."

ಸಂಜೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ವ್ಯವಸ್ಥಾಪಕರು ಗುಮಾಸ್ತರ ಸೇವೆಯನ್ನು ಬಾಯಿತುಂಬ ಹೊಗಳಿದರು. ಸಹೋದ್ಯೋಗಿಗಳು ಕಣ್ಣೊರೆಸಿಕೊಂಡರು. ಮರುದಿನ ಹತ್ತು ಗಂಟೆಗೆ ಗುಮಾಸ್ತರು ಎಂದಿನಂತೆ ಅದೇ ಕುರ್ಚಿಯಲ್ಲಿ ಕೂತು ಲಕೋಟೆಗಳಿಗೆ ಅಂಟು ಹಚ್ಚಿದರು. ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ವಾರದ ನಂತರ ಹೆಂಡತಿ ಫೋನು ಮಾಡಿದಳು.

"ರೀ, ಇಲ್ಲಿನ ಕಚೇರೀಲಿ ದಿನಾ ನಿಮ್ಮ ಹಾಜರಿ ಬೀಳ್ತಿದೆಯಂತೆ. ಗಂಡ ಬಂದಾಯ್ತಲ್ಲ ಅಂತ ಆಸ್ಪತ್ರೇಲಿ ನನಗೆ ರಾತ್ರಿ ಪಾಳಿ ಹಾಕಿದಾರೆ. ಪಕ್ಕದ ಮನೆಯವರೂ 'ಯಜಮಾನ್ರು ಬಂದಮೇಲೆ ಮನೆಗೆ ಕಳೆ ಬಂತು' ಅಂತಿದಾರೆ."

"ನೀನೇನಂದೆ?"

"ಏನನ್ಲಿ? ಹೌದು ಅಂದೆ. ಇರಿ, ಮಗಳು ಮಾತಾಡ್ಬೇಕಂತೆ."

ಫೋನಿನಲ್ಲಿ ಪುಟ್ಟ ಉಸಿರು ಕೇಳಿಸಿತು. "ಅಪ್ಪಾ, ನೀನು ಬಂದಿದೀಯಂತೆ. ಎಲ್ಲಿದೀಯ?"

ಗುಮಾಸ್ತರಿಗೆ ಅಳು ಒತ್ತರಿಸಿ ಬಂತು. ಹಾಗೆಂದು ಕಚೇರಿಯ ಆದೇಶವನ್ನು ಮೀರುವಂತಿರಲಿಲ್ಲ.

"ಬೀರು ಹಿಂದೆ ಇದೀನಿ, ಪುಟ್ಟಿ."

"ಹೊರಗೆ ಬಾ ಮತ್ತೆ."

"ಬರೋ ಹಾಗಿಲ್ಲ ಕಣಮ್ಮ."

ಅತ್ತ ಚಾಪೆ ಎಳೆಯುವ ಸದ್ದು ಕೇಳಿಸಿತು.

"ಸರಿ," ಎಂದಳು ಮಗಳು. "ನಾನೇ ನಮ್ಮನೆ ಬೀರು ಹತ್ರ ಮಲ್ಕೋತೀನಿ."